ನಾದಿನಿಗೊಂದು ಕೋಣೆ

ದ್ಯಾವಮ್ಮ ತುಳಸಿಗೆ ನೀರು ಹಾಕದೆ ಬಾಯಿಗೆ ಕಾಫಿ ಮುಟ್ಟಿಸಿದವಳಲ್ಲ. ಜ್ವರ ಬಂದರೂ ಅಷ್ಟೆ, ಮಳೆ ಹಿಡಿದರೂ ಅಷ್ಟೆ. ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಚೊಂಬು ಹಿಡಿದು ಅಂಗಳಕ್ಕೆ ಬರುತ್ತಾಳೆ. ನೀರು ಹಾಕಿ, ಕಟ್ಟೆಗೆ ಕುಂಕುಮವಿಟ್ಟು, ಮೂರು ಸುತ್ತು ಬರುತ್ತಾಳೆ. ಅಷ್ಟು ಹೊತ್ತೂ ಮನುಷ್ಯರ ಜೊತೆ ಮಾತಿಲ್ಲ. ಹಾಲು ಹಾಕಿಸಿಕೊಳ್ಳಲು ಬಂದವರು ಕೂಡ ಪಾತ್ರೆ ಇಟ್ಟು ಸುಮ್ಮನೆ ನಿಲ್ಲುತ್ತಾರೆ.

ಈಚೆಗೆ ಆ ಸುತ್ತಿನಲ್ಲೇ ಒಂದು ತೊಂದರೆ ಶುರುವಾಗಿತ್ತು. ಅಕ್ಕಿಹೆಬ್ಬಾಳಿನ ಆ ಮನೆ ಅಣ್ಣತಮ್ಮಂದಿರ ನಡುವೆ ಪಾಲಾದಾಗ ಮಧ್ಯೆ ಒಂದು ಗೋಡೆ ಎದ್ದಿತ್ತು. ಅಂಗಳ ಮತ್ತು ತುಳಸಿಕಟ್ಟೆ ಮಾತ್ರ ಇಬ್ಬರಿಗೂ ಸೇರಿ ಹಾಗೇ ಉಳಿದಿದ್ದವು. ಮೂಡಲ ಭಾಗ ದ್ಯಾವಮ್ಮನ ಗಂಡ ಚಲುವಯ್ಯನದು, ಪಡುವಲ ಭಾಗ ಮೈದುನ ಸಿದ್ದರಾಜುವಿನದು. ಪ್ರದಕ್ಷಿಣೆ ಬರುವಾಗ ಪಡುವಲಕ್ಕೆ ಮುಖ ಮಾಡಲೇಬೇಕು. ಮಾಡಿದರೆ ಸಿದ್ದರಾಜುವಿನ ಹೆಂಡತಿ ಶ್ವೇತ ಹೊಸದಾಗಿ ಸಿಂಗರಿಸಿದ ಕೋಣೆಯ ಕಿಟಕಿ ಕಾಣುತ್ತದೆ. ತಿಳಿನೀಲಿ ಚೌಕಳಿಯ ಪರದೆ, ಕಿಟಕಿಯ ಕಟ್ಟೆಯ ಮೇಲೆ ಮಣ್ಣಿನ ಕುಡಿಕೆಯಲ್ಲಿ ದೊಡ್ಡಪತ್ರೆ ಗಿಡ. ಒಂದು ದಿನ ದ್ಯಾವಮ್ಮ ಕಣ್ಣು ಮುಚ್ಚಿಕೊಂಡೇ ಸುತ್ತಿ ನೋಡಿದಳು. ಹಸು ಕಟ್ಟುವ ಗೂಟ ಎಡವಿ ಹೆಬ್ಬೆರಳ ಉಗುರು ಕಿತ್ತುಹೋಯಿತು.

"ತಾಯಿ, ನನ್ನ ಹೊಟ್ಟೇಲಿ ಈ ಕಿಚ್ಚು ಹುಟ್ಟಿಸಬೇಡ" ಎಂದು ಬೇಡಿಕೊಂಡಳು. ಸ್ವಲ್ಪ ತಡೆದು, ಆ ಪರದೆಯ ಬಣ್ಣವಾದರೂ ಬಿಸಿಲಿಗೆ ಬೇಗ ಮಾಸಲಿ ಎಂದೂ ಸೇರಿಸಿದಳು.

ಕಿಚ್ಚಿಗೆ ಕಾರಣ ಪರದೆಯಲ್ಲ, ನಾದಿನಿ. ನಾಗಮಂಗಲಕ್ಕೆ ಕೊಟ್ಟಿರುವ ನಿಂಗಾಜಮ್ಮ ಪ್ರತಿ ವರ್ಷ ಗೌರಿ ಹಬ್ಬಕ್ಕೆ ತವರಿಗೆ ಬರುತ್ತಾಳೆ. ದ್ಯಾವಮ್ಮ ಈ ಮನೆಗೆ ಮದುವೆಯಾಗಿ ಬಂದಾಗ ನಿಂಗಾಜಮ್ಮ ಲಂಗ ಉಡುವ ಹುಡುಗಿ. ತಲೆ ಬಾಚಿ, ಜಡೆ ಹೆಣೆದು, ಹೇನು ಹೆಕ್ಕಿ, ಕೊನೆಗೆ ಧಾರೆಯ ದಿನ ಸೆರಗು ಸರಿಮಾಡಿ ಗಂಡನ ಮನೆಗೆ ಕಳಿಸಿದವಳು ದ್ಯಾವಮ್ಮ. ಒಡಹುಟ್ಟಿದ ತಂಗಿಯೂ ಇಲ್ಲದ, ಹೆಣ್ಣುಮಕ್ಕಳೂ ಇಲ್ಲದ ಅವಳಿಗೆ ಎರಡೂ ನಿಂಗಾಜಮ್ಮನೇ. ಅತ್ತೆ ಬದುಕಿದ್ದಾಗ ಒಂದು ಕಟ್ಟಳೆ ಮಾಡಿಟ್ಟಿದ್ದರು: ಹಬ್ಬದ ಹಿಂದಿನ ರಾತ್ರಿ ಮನೆಮಗಳು ಯಾರ ಸೂರಿನ ಕೆಳಗೆ ಮಲಗುತ್ತಾಳೋ, ಬೆಳಿಗ್ಗೆ ಅವರ ಹೊಸ್ತಿಲಲ್ಲೇ ನಿಂತು ಬಾಗಿನ ತೆಗೆದುಕೊಳ್ಳಬೇಕು. ಆ ವರ್ಷ ಅದೇ ಅವಳ ತವರು. ಪಾಲಾದ ಮೇಲೂ ನಿಂಗಾಜಮ್ಮ ಒಂದು ವರ್ಷವೂ ಪಡುವಲ ಬಾಗಿಲಲ್ಲಿ ಬಾಗಿನ ಹಿಡಿದವಳಲ್ಲ. ದ್ಯಾವಮ್ಮನ ನಡುಮನೆಯಲ್ಲಿ ಚಾಪೆ ಹಾಸಿ ಇಬ್ಬರೂ ಪಕ್ಕಪಕ್ಕ ಉರುಳಿಕೊಳ್ಳುತ್ತಿದ್ದರು. ಇವಳು ಹೂಂಗುಟ್ಟುತ್ತಿದ್ದಳು, ಅವಳು ನಾಗಮಂಗಲದ ಸುಖದುಃಖವನ್ನೆಲ್ಲ ಹೇಳುತ್ತಿದ್ದಳು.

ಈ ಸಲ ನಿಂಗಾಜಮ್ಮನಿಗೆ ಮಂಡಿ ನೋವು. ನೆಲದ ಮೇಲೆ ಕೂತರೆ ಏಳಲಾಗದು. ಸಿದ್ದರಾಜು ಹಾಲಿನ ಡೈರಿಯಿಂದ ಬರುತ್ತಾ ದಾರಿಯಲ್ಲೇ ಹೇಳಿಬಿಟ್ಟ.

"ಅತ್ತಿಗೆ, ಈ ಸಲಿ ನಿಂಗಕ್ಕ ನಮ್ ಕಡೆ ಮಲಗ್ಲಿ. ಮಂಚ ಅದೆ, ಕ್ವಾಣೆ ಅದೆ. ಶ್ವೇತ ಅದುಕ್ಕೇಂತ್ಲೇ ಮಾಡವ್ಳೆ."

"ಮಲಗ್ಲಿ ಬುಡಪ್ಪ, ಅದಕ್ಕೇನಂತೆ" ಎಂದಳು ದ್ಯಾವಮ್ಮ. ಅಂದು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು.

ಮಾರನೆಯ ದಿನ ಹೆಪ್ಪು ಕೇಳುವ ನೆಪದಲ್ಲಿ ಪಡುವಲ ಮನೆಗೆ ಹೋದಳು. ಅವಳ ಮನೆಯಲ್ಲಿ ಹೆಪ್ಪಿಗೆ ಬರವಿರಲಿಲ್ಲ.

"ಬನ್ನಿ ಅಕ್ಕ, ಒಳಗೇ ಬನ್ನಿ. ನೀವೊಬ್ರೇ ಇನ್ನೂ ನೋಡಿಲ್ಲ" ಎಂದು ಶ್ವೇತ ಕೈಹಿಡಿದು ಎಳೆದಳು.

"ನೋಡಕ್ಕೇನದೆ ಕಣಮ್ಮಿ? ಬೂಸಾ ಮೂಟೆ ಆಕ್ತಿದ್ದ ಕ್ವಾಣೆ ತಾನೆ?"

ಕೋಣೆ ಅದೇ. ಒಂದು ಮಂಚ ಹಾಕಿದರೆ ಒಬ್ಬರು ತಿರುಗಾಡುವಷ್ಟು ಜಾಗ. ಆದರೆ ಗೋಡೆಗೆ ಹಾಲಿನ ಕೆನೆಯ ಬಣ್ಣ ಬಂದಿತ್ತು. ಹಳೆಯ ಮರದ ಮಂಚಕ್ಕೆ ಬಿಳಿ ಬಣ್ಣ ಬಳಿದು, ಅಂಚುಗಳನ್ನು ಉಜ್ಜಿ ಒಳಗಿನ ಮರ ಅಲ್ಲಲ್ಲಿ ಇಣುಕುವ ಹಾಗೆ ಬಿಟ್ಟಿದ್ದಳು. ಚೌಕಳಿಯ ಹತ್ತಿ ದುಪ್ಪಟಿ, ಕಾಲ ಬುಡದಲ್ಲಿ ಮಡಿಸಿಟ್ಟ ಕರಿ ಕಂಬಳಿ. ಮೂಲೆಯಲ್ಲಿ ರಾಗಿ ಅಳೆಯುವ ಹಿತ್ತಾಳೆ ಕೊಳಗ, ಅದರ ತುಂಬ ಹೇಮಾವತಿ ದಂಡೆಯಿಂದ ತಂದು ಒಣಗಿಸಿದ ಜೊಂಡಿನ ತೆನೆ.

"ಇದಕ್ಕೆ ಮಾಡರ್ನ್ ಕಂಟ್ರಿ ಸ್ಟೈಲು ಅಂತಾರೆ ಅಕ್ಕ. ಮೊಬೈಲ್ ನೋಡ್ಕೊಂಡು ಮಾಡ್ದೆ. ಹಳ್ಳಿ ಮನೆ ಥರಾನೇ, ಆದ್ರೆ ಒಪ್ಪವಾಗಿ."

"ಹಳ್ಳೀಲಿರೋರ್ಗೆ ಹಳ್ಳಿ ಮನೆ ಥರ ಮಾಡಕ್ಕೆ ಮೊಬೈಲ್ ಬೇಕಾ? ರಾಗಿ ಅಳಿಯೋ ಕೊಳಗ್ದಲ್ಲಿ ಹುಲ್ಲು ಬ್ಯಾರೆ!" ಎಂದ ದ್ಯಾವಮ್ಮ ಮಂಚದ ತಲೆಯ ಕಡೆ ನೋಡಿ ಮಾತು ನಿಲ್ಲಿಸಿದಳು. ಅಲ್ಲಿ ಗೋಡೆಯ ಮೇಲೆ ಒಂದು ಚಂದ್ರಿಕೆ ತೂಗುತ್ತಿತ್ತು. ರೇಷ್ಮೆ ಹುಳ ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟೆ. ಹಿಂದೆ ಒಂದು ಹಳದಿ ಬಲ್ಬು. ಬಿದಿರಿನ ಸುರುಳಿಗಳ ನೆರಳು ಗೋಡೆಯ ಉದ್ದಕ್ಕೂ ರಂಗೋಲಿಯಂತೆ ಬಿದ್ದಿತ್ತು.

"ಇದೆಲ್ಲಿತ್ತಮ್ಮಿ?"

"ನಿಮ್ದೇ ಅಲ್ವಾ ಅಕ್ಕ! ನೀರೊಲೆಗೆ ಅಂತ ಹಿತ್ಲಲ್ಲಿ ಎಸೆದಿದ್ರಿ. ಕೇಳ್ದಾಗ ತಗಂಡೋಗು, ಸೌದೆ ತಾನೆ ಅಂದ್ರಿ."

ಅಂದದ್ದು ನಿಜ. ವರ್ಷಗಟ್ಟಲೆ, ಗೂಡು ಕಟ್ಟುವಷ್ಟು ಹಣ್ಣಾದ ಹುಳವನ್ನು ಆರಿಸಿ ಆರಿಸಿ ಆ ಚಂದ್ರಿಕೆಯ ಮೇಲೆ ಬಿಟ್ಟವಳು ದ್ಯಾವಮ್ಮ. ಅವಳ ಕಣ್ಣಿಗೆ ಅದು ಕೆಲಸ ಮುಗಿದ ಬಿದಿರು. ಈಗ ಇಲ್ಲಿ ದೇವರ ಪ್ರಭಾವಳಿಯ ಹಾಗೆ ಹೊಳೆಯುತ್ತಿತ್ತು. ವಾಪಸು ಕೇಳುವ ಹಾಗಿರಲಿಲ್ಲ. ಹೊಗಳುವುದಕ್ಕೆ ನಾಲಿಗೆ ಏಳಲಿಲ್ಲ.

"ಚಂದಾಗದೆ. ಸೊಳ್ಳೆ ಬರಾಕಿಲ್ವಾ?" ಎಂದಳು. ಹೆಪ್ಪು ತೆಗೆದುಕೊಳ್ಳುವುದನ್ನೂ ಮರೆತು ಮನೆಗೆ ಬಂದಳು.

ಹಬ್ಬಕ್ಕೆ ಇನ್ನು ಕೆಲವೇ ದಿನ ಉಳಿದಿತ್ತು. ದ್ಯಾವಮ್ಮ ನಡುಮನೆಯ ಪಕ್ಕದ ಸಣ್ಣ ಕೋಣೆಯ ಬೀಗ ತೆಗೆದಳು. ಅದು ಹುಳ ಸಾಕುತ್ತಿದ್ದ ಕೋಣೆ. ಸಾಕುವುದನ್ನು ಬಿಟ್ಟ ಮೇಲೆ ಹಳೆಯ ಸಾಮಾನು ತುಂಬಿಕೊಂಡು ಮುಚ್ಚಿತ್ತು.

ಚಲುವಯ್ಯ ಬಾಗಿಲಲ್ಲಿ ನಿಂತು ಕೇಳಿದ: "ಇದೇನಮ್ಮಿ, ತಿರ್ಗಾ ಹುಳದ ಮೊಟ್ಟೆ ತರ್ತೀಯಾ?"

"ನಿಂಗಾಜಿಗೆ ಕ್ವಾಣೆ ಮಾಡ್ತಾ ಇವ್ನಿ."

"ಹುಳದ ಕ್ವಾಣೇಲಾ?"

"ಹುಳ ಅಂದ್ರೆ ಸಸಾರಾನಾ? ಲಕ್ಷ್ಮಿ ವಾಸ ಮಾಡಿದ್ ಕ್ವಾಣೆ. ನೀವು ಆ ಮಂಚ ಎತ್ತಾಕಿ, ಸಾಕು."

ಮೊದಲು ಚೊಕ್ಕ ಮಾಡಬೇಕಲ್ಲ. ಆ ಕೋಣೆಯನ್ನು ಚೊಕ್ಕ ಮಾಡಲು ದ್ಯಾವಮ್ಮನಿಗೆ ಗೊತ್ತಿದ್ದದ್ದು ಒಂದೇ ದಾರಿ, ಹೊಸ ಹುಳ ತರುವ ಮುಂಚೆ ಮಾಡುತ್ತಿದ್ದ ದಾರಿ. ಗೋಡೆ, ತೊಲೆ, ನೆಲ ಎಲ್ಲವನ್ನೂ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದಳು. ಸುಣ್ಣ ಬಳಿದಳು. ಅಟ್ಟದ ಮೇಲೆ ಕ್ಯಾನಿನ ತಳದಲ್ಲಿ ಉಳಿದಿದ್ದ, ಹುಳಕ್ಕೆ ರೋಗ ತಗಲದಂತೆ ಹೊಡೆಯುವ ಫಾರ್ಮಲಿನ್ ಔಷಧಿಯನ್ನೂ, ಬಾಯಿಗೆ ಸೆರಗು ಕಟ್ಟಿಕೊಂಡು, ಮೂಲೆಮೂಲೆಗೆ ಹೊಡೆದಳು. ಬಾಗಿಲು ಕಿಟಕಿ ಮುಚ್ಚಿ ಸಂದಿಗೆ ಬಟ್ಟೆ ತುರುಕಿದಳು. ಹೀಗೆ ಮಾಡಿದ ಮೇಲೆ ಒಂದು ಸೊಳ್ಳೆ ಉಳಿಯಲಿ ನೋಡೋಣ.

ಅಷ್ಟರಲ್ಲಿ ಕೆ.ಆರ್. ಪೇಟೆಗೆ ಹೋಗಿ ಬಂದಳು. ಕೆಂಗುಲಾಬಿಯ ಪರದೆ, ಎರಡು ನವಿಲುಗಳಿರುವ ದಪ್ಪ ಮಿರುಗುವ ಹೊದಿಕೆ, ಒಂದು ಗೊಂಚಲು ಪ್ಲಾಸ್ಟಿಕ್ ಹೂವು ತಂದಳು. ನೆಂಟರಿಗೆ ಹೊಸದನ್ನು ಹಾಸದೆ ಹಳೆಯದನ್ನು ಹಾಸುವುದುಂಟೆ? ಬಸ್ಸಿನಲ್ಲಿ ಬರುವಾಗ ಹಾಗೇ ಅಂದುಕೊಂಡಳು. ಮನೆಗೆ ಬಂದು ಕವರು ಬಿಚ್ಚಿದಾಗ ಶ್ವೇತಳ ಕೋಣೆ ನೆನಪಾಯಿತು. ಆ ಕೋಣೆಯಲ್ಲಿ ಮಿರುಗುವುದು ಒಂದೂ ಇರಲಿಲ್ಲ. ಹಳೆಯದನ್ನು ಹುಡುಕಲು ಹೊರಟಳು. ಅವಳ ಕೊಳಗ ಎಂದೋ ಸ್ಟೀಲ್ ಡಬ್ಬಿಗಳಾಗಿ ಬದಲಾಗಿತ್ತು. ಚಂದ್ರಿಕೆ ಎಲ್ಲಿತ್ತು ಎಂಬುದು ಗೊತ್ತೇ ಇತ್ತು. ಕೊನೆಗೆ ಉಳಿದದ್ದು ಹಸುವಿಗೆ ಹೊದಿಸುತ್ತಿದ್ದ ಕರಿ ಕಂಬಳಿ. ಅದನ್ನೇ ಸೀಗೆಪುಡಿ ಹಾಕಿ ತಿಕ್ಕಿ ತೊಳೆದು ಒಣಗಿಸಿದಳು.

ಹುಳ ತರುವುದಾಗಿದ್ದರೆ ಘಾಟು ಪೂರ್ತಿ ಹೋಗುವವರೆಗೆ ಕಾಯುತ್ತಿದ್ದಳು. ನಿಂಗಾಜಮ್ಮ ನಾಳೆಯೇ ಬರುವವಳಿದ್ದಳು. ಅಂದು ಬೆಳಿಗ್ಗೆಯೇ ಬಾಗಿಲು ತೆಗೆದಳು, ಮಧ್ಯಾಹ್ನಕ್ಕೆಲ್ಲ ಮಂಚ, ಹತ್ತಿ ಹಾಸಿಗೆ, ನವಿಲು, ಕಂಬಳಿ, ಹೂವು ಒಳಗೆ ಬಂದವು. ಘಾಟು ಅವಳಿಗೆ ಗೊತ್ತಾಗಲಿಲ್ಲ. ಎಷ್ಟೋ ರೇಷ್ಮೆ ಬೆಳೆ ತೆಗೆದ ಮೂಗು ಅದು. ಆ ವಾಸನೆ ಅವಳಿಗೆ ಮಡಿಯ ವಾಸನೆ, ಒಳ್ಳೆಯ ಬೆಳೆ ಬರುತ್ತದೆ ಎಂಬ ನಂಬಿಕೆಯ ವಾಸನೆ.

ಚಲುವಯ್ಯ ಹೊರಗಿನಿಂದಲೇ ಇಣುಕಿ, "ಮದ್ವೆ ಛತ್ರದಲ್ಲಿ ಹೆಣ್ಣಿನ ಕ್ವಾಣೇಲಿ ಹಸ ಕಟ್ದಂಗದೆ" ಎಂದು ಹೊಲಕ್ಕೆ ಹೋದ.

ಹಬ್ಬದ ಹಿಂದಿನ ದಿನ ದ್ಯಾವಮ್ಮ ಬಸ್ಸು ನಿಲ್ಲುವ ಕಡೆಗೇ ಹೋಗಿ ಕಾದಳು. ನಿಂಗಾಜಮ್ಮ ಇಳಿಯುತ್ತಲೇ ಬ್ಯಾಗು ಕಿತ್ತುಕೊಂಡು, ಕೈಗೆ ಕೈ ಕೊಟ್ಟು, ನೇರ ಮೂಡಲ ಬಾಗಿಲಿಗೆ ಕರೆತಂದಳು. ಊಟ ಬಡಿಸಿ, ಆಮೇಲೆ ಕೋಣೆ ತೋರಿಸಿದಳು.

"ಅತ್ತಿಗೆ, ಇದೆಲ್ಲ ನಂಗಾ?" ನಿಂಗಾಜಮ್ಮ ಕೋಣೆಯ ಬಾಗಿಲಲ್ಲಿ ಮೂಗು ಉಜ್ಜಿಕೊಳ್ಳುತ್ತಾ ನಿಂತಳು.

"ಮತ್ಯಾರ್ಗೆ? ಈಗ ಉಂಡೆ ತಾನೆ, ಒಂದ್ ನಿದ್ದೆ ಮಾಡು. ಮಂಡಿ ಚಾಚ್ಕೊಂಡು ಮಲಿಕ್ಕೊ."

ಬಾಗಿಲು ಎಳೆದುಕೊಂಡು ದ್ಯಾವಮ್ಮ ಹೊರಗೆ ಹೂವು ಕಟ್ಟುತ್ತಾ ಕೂತಳು. ಅಂಗಳದ ಆಚೆ ಶ್ವೇತ ಓಡಾಡುತ್ತಿದ್ದಳು. ಈ ಕಡೆ ನೋಡಲಿ ಎಂದು ದ್ಯಾವಮ್ಮ ಸುಮ್ಮಸುಮ್ಮನೆ ಗಂಟಲು ಸರಿಮಾಡಿಕೊಂಡಳು. ಒಳಗಿನಿಂದ ಮೂಗು ಸೊರಸೊರ ಎಳೆಯುವ ಸದ್ದು ಬಂತು. ಅಳುತ್ತಿದ್ದಾಳೆ! ಅವ್ವ ನೆನಪಾಗಿರಬೇಕು. ನನ್ನ ಕೋಣೆ ನೋಡಿ ಕರುಳು ಕರಗಿರಬೇಕು. ಶ್ವೇತಳ ಕೋಣೆಯಲ್ಲಿ ಯಾರಾದರೂ ಅತ್ತಿದ್ದಾರೆಯೇ? ದ್ಯಾವಮ್ಮ ಸೆರಗಿನ ತುದಿಯಿಂದ ತಾನೂ ಕಣ್ಣೊರೆಸಿಕೊಂಡಳು.

ಅಳು ಕೆಮ್ಮಾಯಿತು. ಕೆಮ್ಮು ಬಿಡದೆ ಏರಿತು. ಆ ಹೊತ್ತಿಗೆ ಹೊಲದಿಂದ ಬಂದ ಚಲುವಯ್ಯ ಬಾಗಿಲು ತಳ್ಳಿ, ಮುಖ ಮುಚ್ಚಿಕೊಂಡು ಹಿಂದಕ್ಕೆ ಹಾರಿದ.

"ಲೇ, ನನ್ ತಂಗೀನ ಏನಂದ್ಕಂಡಿದ್ದೀಯೆ? ಎಬ್ಬಿಸು, ಎಬ್ಬಿಸು ಮೊದ್ಲು!"

ನಿಂಗಾಜಮ್ಮನ ಕಣ್ಣು ಹಣ್ಣು ಮೆಣಸಿನಕಾಯಿಯಾಗಿತ್ತು. ಗೋಡೆ ಹಿಡಿದು ಹೊರಗೆ ಬಂದಳು.

"ನೀನು ಅಳ್ತಾ ಇದ್ದೀಯ ಅನ್ಕಂಡೆ ಕಣೇ" ಎಂದಳು ದ್ಯಾವಮ್ಮ.

"ಈಟು ಆಸೇಲಿ ಮಾಡಿದ್ದೀಯ... ಎಂಗೆ ಎದ್ಬರ್ಲಿ ಅತ್ತಿಗೆ?" ಎನ್ನುವಷ್ಟರಲ್ಲಿ ಮತ್ತೆ ಕೆಮ್ಮು.

ಸದ್ದು ಕೇಳಿ ಶ್ವೇತ ಓಡಿಬಂದಳು. ಏನೂ ಕೇಳಲಿಲ್ಲ, ನಗಲೂ ಇಲ್ಲ. ಕಣ್ಣಿಗೆ ತಣ್ಣೀರು ಚಿಮುಕಿಸಿ, ತೋಳು ಹಿಡಿದು, ಅಂಗಳ ದಾಟಿಸಿ ಕರೆದುಕೊಂಡು ಹೋದಳು. ದ್ಯಾವಮ್ಮನ ಕಾಲು ಹೊಸ್ತಿಲು ದಾಟಲಿಲ್ಲ. ಪಡುವಲ ಕಿಟಕಿಯ ಪರದೆ ಎಳೆದದ್ದು ಇಲ್ಲಿಗೇ ಕಂಡಿತು. ಆಮೇಲೆ ಒಂದು ಕೆಮ್ಮೂ ಕೇಳಲಿಲ್ಲ.

ದ್ಯಾವಮ್ಮ ಹಾಸಿಗೆಯನ್ನು ಅಂಗಳಕ್ಕೆ ಎಳೆದು ಹಾಕಿ ಕೋಲಿನಿಂದ ಬಡಿದಳು. ನಾದಿನಿಯ ಕಣ್ಣು ನೆನೆದಾಗಲೆಲ್ಲ ಇನ್ನೂ ಜೋರಾಗಿ ಬಡಿದಳು. ಆದರೆ ಅದಕ್ಕಿಂತ ಹೆಚ್ಚು ಅವಳನ್ನು ಉರಿಸಿದ್ದು ಆ ಮೌನ. ಅಲ್ಲಿ ಅವಳು ಅಷ್ಟು ಬೇಗ, ಅಷ್ಟು ನೆಮ್ಮದಿಯಾಗಿ ನಿದ್ದೆ ಹೋದದ್ದು.

ದೀಪ ಹಚ್ಚುವ ಹೊತ್ತಿಗೆ ಶ್ವೇತ ಬಂದಳು.

"ಅಕ್ಕ, ನಿಂಗಕ್ಕ ಇನ್ನೂ ಮಲಗವ್ರೆ. ಎದ್ದ್ ಮೇಲೆ ನಮ್ ಮಂಚ, ಹಾಸಿಗೆ, ದುಪ್ಪಟಿ ಎಲ್ಲಾನೂ ಇವ್ರ ಕೈಲಿ ಎತ್ತಿಸಿ ನಿಮ್ ನಡುಮನೇಲಿ ಹಾಕಿಸ್ತೀನಿ. ರಾತ್ರಿ ನಿಮ್ಮನೇಲೇ ಮಲಗ್ಲಿ. ಬಾಗಿನ ಯಾವಾಗ್ಲಿನ ಥರ ನಿಮ್ ಬಾಗ್ಲಲ್ಲೇ ಆಗ್ಲಿ."

ದ್ಯಾವಮ್ಮ ಇಷ್ಟು ದಿನ ಬಯಸಿದ್ದು ಕಾಲ ಹತ್ತಿರಕ್ಕೇ ಬಂದು ನಿಂತಿತ್ತು. ಒಪ್ಪಿದರೆ ಆಯಿತು. ತನ್ನದೇ ನಡುಮನೆಯಲ್ಲಿ ಶ್ವೇತಳ ಬಿಳಿ ಮಂಚ. ಅದರ ಮೇಲೆ ನಿಂಗಾಜಿ, ಕೆಳಗೆ ಚಾಪೆಯಲ್ಲಿ ತಾನು. ಹಾಸಿಗೆ ಎಷ್ಟು ಮೆತ್ತಗಿದೆ ಅತ್ತಿಗೆ ಎಂದು ಅವಳು ಅಂದರೆ ಹೂಂಗುಟ್ಟಬೇಕು. ಶ್ವೇತಳ ಮುಖದಲ್ಲಿ ಕುಹಕವೇನಾದರೂ ಇದೆಯೇ ಎಂದು ಹುಡುಕಿದಳು. ಇದ್ದಿದ್ದರೆ ಹಗುರಾಗುತ್ತಿತ್ತು. ಇರಲಿಲ್ಲ.

"ಬ್ಯಾಡ ಕಣಮ್ಮಿ."

"ಯಾಕಕ್ಕ? ನಂಗೇನೂ ಬೇಜಾರಿಲ್ಲ."

"ನಿಂಗೆ ಬೇಜಾರಿಲ್ವಲ್ಲ, ಅದೇ ನಂಗೆ ಬೇಜಾರು" ಎಂದುಬಿಟ್ಟಳು ದ್ಯಾವಮ್ಮ. ದ್ಯಾವಮ್ಮ ಹಾಸಿಗೆ ಬಡಿಯುವ ಕೋಲನ್ನು ಗೋಡೆಗೆ ಒರಗಿಸಿದಳು.

"ನಿನ್ ಮಂಚ ತಂದು ನನ್ ಬಾಗ್ಲಲ್ಲಿ ಬಾಗಿನ ಕೊಟ್ರೆ ಅದು ನಾನು ಕೊಟ್ಟಂಗಾಗಾಕಿಲ್ಲ. ಅವ್ಳು ಅಲ್ಲೇ ಮಲಗ್ಲಿ. ಬೆಳಿಗ್ಗೆ ನಿನ್ ಹೊಸ್ತಿಲಲ್ಲೇ ತಗಳ್ಳಿ. ಮುಂದಿನ ವರ್ಸಕ್ಕೆ ನನ್ ಕ್ವಾಣೇಲೂ ಗಾಳಿ ಆಡಿರ್ತದೆ, ಆಗ ನೋಡಾನ. ಈಗ ಮಂಚ ಎತ್ತಿಸ್ಬ್ಯಾಡ, ಓಗು."