ನೋಯದ ಕಾಲು

ಅರಕೆರೆಯ ಗದ್ದೆ ಬಯಲಿನಲ್ಲಿ ನಮ್ಮವರು ಹೊಲದ ಅಂಚಿಗೆ ಬಂದ ಕೂಡಲೇ ಚಪ್ಪಲಿ ಬಿಡುತ್ತಾರೆ. ಬೆಳೆ ಕೊಡುವ ಮಣ್ಣನ್ನು ಮೆಟ್ಟು ಹಾಕಿಕೊಂಡು ತುಳಿಯಬಾರದು. ನಾನು ಚಪ್ಪಲಿಯನ್ನು ಮನೆಯಲ್ಲೇ ಬಿಡುತ್ತಿದ್ದೆ. ಬೆಳಕು ಹರಿಯುವ ಮೊದಲು ಎದ್ದು, ತಣ್ಣೀರು ಸುರಿದುಕೊಂಡು, ನಾಲೆಯ ಏರಿಯ ಮೇಲೆ ಬರಿಗಾಲಿನಲ್ಲಿ ಗದ್ದೆಗೆ ಹೋಗಿ ಬರುವುದು ನನ್ನ ಕ್ರಮ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೂ, ಸಕ್ಕರೆ ಕಾಯಿಲೆ ಬಂದ ಮೇಲೂ ಅದನ್ನು ತಪ್ಪಿಸಲಿಲ್ಲ. ಮೈ ಸೋಮಾರಿ, ಅದನ್ನು ಕೇಳಿಕೊಂಡು ಕೆಲಸ ಮಾಡಬಾರದು ಎಂದು ಅಪ್ಪ ಕಲಿಸಿದ್ದರು.

ಹೋದ ಬೇಸಿಗೆಯಲ್ಲಿ ಎಡಗಾಲು ಸುಮ್ಮನಾಯಿತು. ಏರಿಯ ಜಲ್ಲಿ ಚುಚ್ಚುವುದು ನಿಂತಿತು. ಮಧ್ಯಾಹ್ನ ಹೋದಾಗ ಬಿಸಿಲಿಗೆ ಕಾದ ತೂಬಿನ ಕಲ್ಲಿನ ಮೇಲೆ ನಿಂತರೂ ಸುಡಲಿಲ್ಲ. ಕೊನೆಗೂ ಪಳಗಿತು ಎಂದುಕೊಂಡೆ.

ಕಬ್ಬು ಕಡಿದ ವಾರ ಗದ್ದೆಯಿಂದ ಬಂದು ಕಾಫಿ ಕುಡಿಯುತ್ತಿದ್ದೆ. ನನ್ನ ಜೊತೆಗೇ ಇರುವ ತಂಗಿ ಜಗಲಿ ತೊಳೆಯಲು ಹೋದವಳು ಬಿಂದಿಗೆ ಹಿಡಿದು ನಿಂತುಬಿಟ್ಟಳು.

“ಅಣ್ಣಯ್ಯ, ಇಲ್ಲಿ ಕೋಳಿ ಏನಾರ ಕುಯ್ದವ್ರಾ?”

“ಬೆಳ್‌ಬೆಳಿಗ್ಗೆ ಯಾವನ್ ಕುಯ್ತಾನೆ?”

“ಮತ್ತೆ ಇದೇನು? ಬೀದಿಯಿಂದ ನಿನ್ ಕುರ್ಚಿಗಂಟ ಬಂದದೆ ನೋಡು.”

ಬಗ್ಗಿ ನೋಡಿದೆ. ಕೆಂಪು ಗುರುತುಗಳೆಲ್ಲ ಒಂದೇ ಪಾದದವು. ಕುರ್ಚಿಯ ಕೆಳಗಿನದು ಇನ್ನೂ ಹರಡುತ್ತಿತ್ತು. ತಂಗಿ ನನ್ನ ಕಾಲೆತ್ತಿ ನೋಡಿದಳು. ಮಚ್ಚಿನ ಓರೆ ಏಟಿಗೆ ಮೊನೆಯಾಗಿದ್ದ ಕಬ್ಬಿನ ಕೂಳೆಯ ಚೂರೊಂದು ಅಂಗಾಲಿನಲ್ಲಿ ಮುರಿದು ಕೂತಿತ್ತು. ಅದನ್ನು ತುಳಿದುಕೊಂಡೇ ಮನೆಯವರೆಗೆ ನಡೆದಿದ್ದೆ. ಅವಳು ಎಳೆದು ತೆಗೆದದ್ದು ಸಹ ನನಗೆ ಗೊತ್ತಾದದ್ದು ಅವಳ ಮುಖ ನೋಡಿ.

“ನೋಯಾಕಿಲ್ವಾ?”

“ಇಲ್ಲ ಕಣೆ.”

“ಇಲ್ಲ ಅಂತ ಜಂಬ ಬೇರೆ! ಎದ್ದೇಳು, ಬಸ್ಸು ಬತ್ತದೆ.”

ಶ್ರೀರಂಗಪಟ್ಟಣದ ಡಾಕ್ಟರು ಗಾಯ ತೊಳೆದು, ಬೆರಳ ಬುಡದಲ್ಲಿ ನಾನು ಗಮನಿಸದೇ ಇದ್ದ ಕಪ್ಪನ್ನು ಒತ್ತಿ ನೋಡಿದರು. ಆಮೇಲೆ ಕೇಳಿದರು: “ಯಜಮಾನ್ರೇ, ಕುಂಟೋ ಎತ್ತಿಗೆ ನೊಗ ಕಟ್ತೀರಾ?”

“ಇದು ಕುಂಟಲೇ ಇಲ್ವಲ್ಲ.”

“ಭಯ ಇರೋದೇ ಅಲ್ಲಿ. ಕುಂಟಿದ್ರೆ ನೀವು ನಿಲ್ತಿದ್ರಿ. ಈ ಕಪ್ಪು ಮೇಲಕ್ಕೆ ಹತ್ತಿದ್ರೆ ಪಾದ ಉಳಿಯಲ್ಲ. ಕಾಲು ನೆಲಕ್ಕೆ ಊರಬೇಡಿ.”

ಈಗಲೂ ಕ್ರಮವಿದೆ, ಬೇರೆ ಕ್ರಮ. ಎದ್ದೊಡನೆ ಅಂಗಾಲಿಗೆ ಕನ್ನಡಿ ಹಿಡಿಯುತ್ತೇನೆ. ಎಳೆಗೂಸಿನ ಸ್ನಾನಕ್ಕೆ ನೋಡುವ ಹಾಗೆ ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡುತ್ತೇನೆ. ಗಾಯಕ್ಕೆ ತಾಗಿಸದೆ ಬೆರಳ ಸಂದುಗಳನ್ನು ಒರೆಸುತ್ತೇನೆ. ಕಿರುಬೆರಳು ಪಕ್ಕದ ಬೆರಳಿನ ಅಡಿಗೆ ಮುದುರಿಕೊಂಡಿದೆ ಎಂಬುದು ಈ ವಯಸ್ಸಿನಲ್ಲಿ ತಿಳಿಯಿತು. ನನ್ನನ್ನು ಹೊತ್ತು ಹೊತ್ತು ಹಾಗಾಗಿರಬೇಕು. ಅದನ್ನು ಮೆಲ್ಲಗೆ ಬಿಡಿಸಿ ಹತ್ತಿ ಇಡುತ್ತೇನೆ.

ನಿನ್ನೆ ನಾಲೆಗೆ ನೀರು ಬಿಟ್ಟರು. ಮಂಚದ ಮೇಲಿಂದಲೇ ಸದ್ದು ಕೇಳಿತು. ನಮ್ಮ ಗದ್ದೆಗೆ ನೀರು ಹಾಯಿಸುವ ಮಡೆಯನ್ನು ಬೇರೆಯವರು ತೆಗೆದದ್ದೇ ಇಲ್ಲ. ನನಗೆ ತಿಳಿಯದೆಯೇ ಕಾಲು ಮಂಚದಿಂದ ಇಳಿದಿತ್ತು.

“ಎದ್ದೀಯ, ಉಸಾರು!” ಒಳಗಿಂದ ತಂಗಿ ಕೂಗಿದಳು. “ನೀರು ನಾನ್ ಕಟ್ತೀನಿ ಬುಡು.”

ಅವಳು ಗುದ್ದಲಿ ಹಿಡಿದು ಹೊರಟಳು. ನಾನು ಕಾಲನ್ನು ಎರಡೂ ಕೈಯಲ್ಲಿ ಎತ್ತಿ ದಿಂಬಿನ ಮೇಲಿಟ್ಟೆ. ಮೊನ್ನೆ ಕಪ್ಪು ಬೆರಳ ಬುಡದಲ್ಲಿತ್ತು. ಈಗ ಅಲ್ಲೇ ಇದೆಯೋ, ಒಂದಿಷ್ಟು ಮೇಲೆ ಬಂದಿದೆಯೋ ಹೇಳಲಾಗಲಿಲ್ಲ. ಪಾದ ಮುಟ್ಟಿದೆ. ತಣ್ಣಗಿತ್ತು. ಬೆಚ್ಚಗಾಗಲಿ ಎಂದು ಕೈ ತೆಗೆಯದೆ ಕುಳಿತೆ.