ಏರಿಯ ಬಳ್ಳಿ, ಚಿಕ್ಕಮ್ಮನ ಸಿಟ್ಟು
ರೈಲು ಹಳಿಯ ಏರಿಯ ಮೇಲೆ ಕಳೆ ಕೀಳುವ ಗುಂಪಿಗೆ ಮೇಸ್ತ್ರಿಯಾದ ಚಿಕ್ಕಮ್ಮನಿಗೆ ಬೆಳಿಗ್ಗೆ ಗುದ್ದಲಿ ಕೈಗೆ ಬರುವ ಮೊದಲೇ ಸಿಟ್ಟು ಮೂಗಿನ ತುದಿಗೆ ಬಂದಿರುತ್ತದೆ. ಅವಳು ಕೀಳಿಸುವುದು ಅವರೆಯ ದೂರದ ನೆಂಟನಂಥ ಒಂದು ಹೊರನಾಡಿನ ಬಳ್ಳಿ. ಮೇಲೆ ಕತ್ತರಿಸಿದರೆ ವಾರದೊಳಗೆ ತಂತಿಕಂಬ ಹತ್ತುತ್ತದೆ, ಬುಡದ ಗೆಡ್ಡೆ ಒಂಚೂರು ಉಳಿದರೂ ಮತ್ತೆ ಚಿಗುರುತ್ತದೆ. ಕುಡುಗೋಲು ಬೀಸುವವರನ್ನು ಕಂಡರೆ "ಕ್ಷೌರ ಮಾಡ್ತಿದ್ದೀಯೇನೋ? ಬುಡ ಅಗಿ!" ಎಂದು ಎಗರಿಬೀಳುತ್ತಾಳೆ, ಅವಳ ಗದರಿಕೆಗೆ ಗೂಡ್ಸ್ ಗಾಡಿಯೂ ನಿಧಾನವಾಗುತ್ತದೆಂದು ಆಳುಗಳು ನಗುತ್ತಾರೆ. ಆದರೆ ಅದೇ ಬಳ್ಳಿಯನ್ನು ಯಾರಾದರೂ ಬೈದರೆ ಕೆಂಡಾಮಂಡಲವಾಗುತ್ತಾಳೆ. ತಪಾಸಣೆಗೆ ಬಂದ ಇಂಜಿನಿಯರು "ಎಲ್ಲಿಂದಲೋ ಬಂದು ವಕ್ಕರಿಸಿದೆ, ದರಿದ್ರದ್ದು" ಎಂದದ್ದೇ ತಡ, "ಅದೇನು ನಡ್ಕೊಂಡು ಬಂತಾ ಸ್ವಾಮಿ? ಏರಿ ಕುಸೀತಿದೆ ಅಂತ ನಿಮ್ಮೋರೇ ಮೂಟೆಗಟ್ಟಲೆ ಬೀಜ ತಂದು ಬಿತ್ತಿದ್ರು. ಮಣ್ಣು ಹಿಡಿದು ನಿಲ್ಲಿಸ್ತು, ಬರಡು ನೆಲಕ್ಕೆ ಸಾರ ಕೊಡ್ತು. ಈಗ ಬೇಡ್ವಾ, ಕೀಳ್ತೀನಿ. ಬೈಬೇಡಿ!" ಎಂದು ಮುಖಕ್ಕೆ ಹೊಡೆದಂತೆ ಹೇಳಿದಳು. ಒಂದು ಕಳೆಗೆ ಇಷ್ಟು ವಕಾಲತ್ತೇ ಎಂದು ಅವರು ನಕ್ಕರು. ತಾಯಿ ಸತ್ತ ಎರಡು ಎಳೆಗೂಸುಗಳನ್ನು ಸಾಕಲೆಂದೇ ಅವಳನ್ನು ಆ ಮನೆಗೆ ಮದುವೆ ಮಾಡಿ ತಂದಿದ್ದರೆಂಬುದು ಅವರಿಗೇನು ಗೊತ್ತು? ಚಿಕ್ಕಮ್ಮ ಎಂಬುದು ಆ ಕೂಸುಗಳು ಕರೆದ ಹೆಸರೇ. ಮೊನ್ನೆ ಮಗಳ ಮದುವೆಯ ಮಾತುಕತೆಯಲ್ಲಿ ಅವಳು ಬಾಯಿ ತೆರೆದಾಗ, ಎದೆಯುದ್ದ ಬೆಳೆದ ಮಗ ಎಲ್ಲರೆದುರಿಗೆ ಹೇಳಿದ್ದ: "ನೀನು ಸುಮ್ನಿರು ಚಿಕ್ಕಮ್ಮ, ಇದು ನಮ್ಮನೆ ವಿಷಯ."