ಬೋರ್ಗಿಲ್ಡಳ ವಾಫಲ್ ಹಂಚು

ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡ್ ದ್ವೀಪದ ಕಲ್ಲಿದ್ದಲ ಗಣಿಯವರಿಗೆ ಅಡುಗೆ ಮಾಡಲು ಬಂದವಳು ಬೋರ್ಗಿಲ್ಡ್. ಗಣಿ ಮುಚ್ಚಿತು, ಗಂಡ ಆಸ್ಲಾಕ್ ತೀರಿಕೊಂಡ, ಅವಳು ಮಾತ್ರ ಊರು ಬಿಡಲಿಲ್ಲ. ಹೆಗಲಿಗೆ ಬಂದೂಕು ಏರಿಸಿ, ಹಿಮನದಿ ಅಳೆಯಲು ಬರುವವರಿಗೆ ಹಿಮಕರಡಿ ಬಾರದಂತೆ ಕಾವಲು ನಿಂತಳು. ಕರಡಿಗಿಂತ ಖಾಲಿ ಹೊಟ್ಟೆಗೇ ಹೆಚ್ಚು ಹೆದರುವ ಹೆಂಗಸು. ಎಲ್ಲಿಗೆ ಹೊರಟರೂ ಗೂಡುಗೂಡಿನ ಸಿಹಿ ದೋಸೆಯಂಥ ವಾಫಲ್ ಸುಡುವ ಅವಳ ಎರಕದ ಕಬ್ಬಿಣದ ಹಂಚು ಜೊತೆಗೆ ಹೊರಡಲೇಬೇಕು.

ಆ ವಸಂತದಲ್ಲಿ ಕಾವಲು ಬಿದ್ದದ್ದು ಅವಳ ಸ್ವಂತ ಮರದ ಮನೆಯ ಹತ್ತಿರವೇ. ಹಿಮನದಿ ಹಿಂದೆ ಸರಿಯುವಾಗ ಬಿಟ್ಟುಹೋದ ಜಲ್ಲಿಯ ದಿಬ್ಬದ ಮೇಲೆ ಆಸ್ಲಾಕ್ ಅದನ್ನು ಕಟ್ಟಿದ್ದ. ಹೋದ ಬೇಸಿಗೆ ಅಂಗಳ ಬಿರುಕು ಬಿಟ್ಟಿತ್ತು. ದಿಬ್ಬದ ಹೊಟ್ಟೆಯಲ್ಲಿ ಹಳೆಯ ಮಂಜುಗಡ್ಡೆ ಇದ್ದರೆ, ಅದು ಕರಗಿದಂತೆ ಮನೆಯೂ ಕುಸಿಯುತ್ತದೆ. ಹಾಗಿದ್ದರೆ ಮನೆಯನ್ನು ಮೊದಲೇ ಬಿಚ್ಚಿ ತೆಗೆಯಬೇಕು. ನೆಲದೊಳಗೆ ಅಲೆ ಕಳಿಸಿ, ಮರಳಿ ಬಂದದ್ದನ್ನು ಗೆರೆಯಾಗಿ ತೋರಿಸುವ ರೇಡಾರನ್ನು ತರುಣ ವಿಜ್ಞಾನಿ ಸಿಂದ್ರೆ ಜಾರುಗಾಡಿಯಲ್ಲಿ ಎಳೆದು ತಂದಿದ್ದ.

"ಗಾಡಿ ಹಿಂದೆ ಏನ್ ಕಟ್ತಿದ್ದೀಯ ಬೋರ್ಗಿಲ್ಡ್?"

"ಊಟ ಕಣೋ. ನೀನು ಮಿಷಿನ್ ಎಳಿ, ಹೊಟ್ಟೆ ವಿಚಾರ ನಂಗೆ ಬಿಡು."

ಅವನು ನಕ್ಕು ಎಳೆದ. ಕಡಲ ಬದಿಯಿಂದ ದಿಬ್ಬ ಹತ್ತಿ ಮನೆ ಬಾಗಿಲಿಗೆ ಬಂದಾಗ ಅವಳು ಹಂಚು ಬಿಚ್ಚಿ ಒಲೆಗಿಟ್ಟಳು. ಕಂದು ಚೀಸು ಹಾಕಿದ ವಾಫಲ್ ತಿಂದು, ಆಚೆ ಬದಿಯನ್ನೂ ಅಳೆದು ಒಳಗೆ ಬಂದರು. ಪರದೆ ನೋಡಿದ ಸಿಂದ್ರೆಯ ಮುಖ ಇಳಿಯಿತು. ಕಡಲಿನಿಂದ ಬಾಗಿಲವರೆಗೂ ದಪ್ಪ ಗೆರೆ.

"ಮಂಜುಗಡ್ಡೆ ಇದೆ ಅನ್ಸುತ್ತೆ."

ಬೋರ್ಗಿಲ್ಡ್ ಮೇಜನ್ನು ಸವರಿದಳು. ಆಸ್ಲಾಕ್ ಅದನ್ನು ಒಳಗೇ ಕೂತು ಮಾಡಿದ್ದ. ಬಾಗಿಲಿನ ಅಳತೆ ನೋಡಿರಲಿಲ್ಲ.

"ಇದನ್ನ ಮೊದ್ಲು ಕಡೀಬೇಕು. ಇಡಿಯಾಗಿ ಆಚೆ ಹೋಗಲ್ಲ," ಎಂದಳು. ದನಿ ಸಣ್ಣಗಿತ್ತು.

ಸಿಂದ್ರೆ ಪರದೆ ಬಿಟ್ಟು ಏಳಲಿಲ್ಲ. "ತಡಿ. ದಿಬ್ಬ ಏರಿಳಿದ್ರೂ ಗೆರೆ ಒಂದೇ ಸಮ ಇದೆ. ಬಾಗಿಲ ಹತ್ರ ಕತ್ತರಿಸ್ದಂಗೆ ನಿಂತೋಗಿದೆ. ಅಲ್ಲೇನ್ ಮಾಡಿದ್ವಿ?"

"ತಿಂದ್ವಿ. ನೀನು ಇನ್ನೊಂದು ಕೇಳ್ದೆ, ಕೊಟ್ಟೆ."

"ಆಮೇಲೆ ಹಂಚು ವಾಪಸ್ ಕಟ್ಟಿದ್ಯಾ?"

ಇಬ್ಬರೂ ಗೋಡೆಯತ್ತ ನೋಡಿದರು. ಹಂಚು ಮೊಳೆಯಲ್ಲಿ ತಣ್ಣಗೆ ನೇತಾಡುತ್ತಿತ್ತು.

ಸಿಂದ್ರೆ ಹಣೆ ಚಚ್ಚಿಕೊಂಡ. "ಕಬ್ಬಿಣ! ರೇಡಾರ್ ದಾರಿಯುದ್ದಕ್ಕೂ ನಿನ್ ಹಂಚನ್ನೇ ನೋಡಿದೆ. ಕಟ್ಟೋವಾಗ ನಕ್ಕೋನೂ ನಾನೇ!"

"ಇನ್ನೊಂದ್ ಸಲ ಎಳಿ ಹಂಗಾದ್ರೆ. ಕೂತಿದ್ದೀಯಲ್ಲ!"

ಮತ್ತೆ ಎಳೆದರು. ಮನೆಯಡಿ ಬರೀ ಹೆಪ್ಪುಗಟ್ಟಿದ ಜಲ್ಲಿ. ಮಂಜುಗಡ್ಡೆಯೂ ಇತ್ತು; ಆದರೆ ಮನೆಯಿಂದಾಚೆ, ಕಡಲ ಬದಿಯಲ್ಲಿ, ಅಂಗಳದ ಬಿರುಕು ಹೋಗುತ್ತಿದ್ದ ದಿಕ್ಕಿನಲ್ಲಿ, ತಿಮಿಂಗಿಲದ ಬೆನ್ನಿನಂತೆ ಗುಂಡಗೆ, ಸರಿಯಾಗಿ, ದೂರದಲ್ಲಿ ನಿಂತ ಮರದ ಕಕ್ಕಸಿನ ಕೆಳಗೆ.

"ಮನೆ ಗಟ್ಟಿ. ಕಕ್ಕಸು ಮಾತ್ರ ಎತ್ಬೇಕು."

ಬೋರ್ಗಿಲ್ಡ್ ಕಣ್ಣೊರೆಸಿಕೊಂಡು ಜೋರಾಗಿ ನಕ್ಕಳು. "ಅಷ್ಟು ದೂರ ಬೇಡ, ಚಳೀಲಿ ಸಾಯ್ತೀವಿ ಅಂತ ಆಸ್ಲಾಕ್‌ಗೆ ಬಡ್ಕೊಂಡೆ. ಕೇಳ್ಲಿಲ್ಲ. ಈಗ ಮಿಷಿನ್ ಹೇಳ್ತು ನೋಡು!"

ನೆಲ ಗಟ್ಟಿಯಾಗಿರುವಾಗಲೇ ಕಕ್ಕಸನ್ನು ಮನೆ ಹತ್ತಿರಕ್ಕೆ ಎಳೆಯಲು ಹಿಮ ಸ್ಕೂಟರಿಗೆ ಕಟ್ಟಿದರು. ಅವಳು ಮುಂದೆ ಕೂತು ಓಡಿಸಿದಳು, ಸಿಂದ್ರೆ ಹಿಂದಿನಿಂದ ತಳ್ಳಿದ.

"ತಳ್ಳೋ, ತಳ್ಳು! ಎರಡೆರಡು ವಾಫಲ್ ತಿಂದೋನು ನೀನು!"